ಗಡಿಯಾರ ತಿರುಗಿಸಬೇಡಿ, ಪ್ರೋಗ್ರಾಂಗೆ ಟೋಪಿ ಹಾಕಿ

ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟ್ ಮಾಡುವವನು. ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು. ಅವತ್ತು ಬಿಲ್ ನಂಬರ್ ಮತ್ತೆ 1ರಿಂದ ಬರಬೇಕು. ಬರುತ್ತದೋ ಇಲ್ಲವೋ ನೋಡೋಕೆ ಮಾರ್ಚ್ 31ರ ರಾತ್ರಿವರೆಗೆ ಕಾಯೋಕಾಗಲ್ಲ, ಅಲ್ವಾ?

ಮೊದಲ ಸಲ ಸುಮ್ನೆ ಲ್ಯಾಪ್‌ಟಾಪಿನ ತಾರೀಖನ್ನೇ ಮುಂದಕ್ಕೆ ಹಾಕಿದೆ. ಸ್ವಲ್ಪ ಹೊತ್ತಿಗೆ ಎನ್‌ಟಿಪಿ (ನೆಟ್‌ವರ್ಕ್ ನೋಡಿ ಗಡಿಯಾರ ಸರಿ ಇಡುವ ವ್ಯವಸ್ಥೆ) ಅದನ್ನು ಎಳೆದು ಸರಿ ಮಾಡಿತು. ಎನ್‌ಟಿಪಿ ಆಫ್ ಮಾಡಿದೆ. ಆಗ ಬ್ರೌಸರ್ ತಕರಾರು ತೆಗೆಯಿತು: ವೆಬ್‌ಸೈಟಿನ ಗುರುತಿನ ಸರ್ಟಿಫಿಕೇಟ್ ಅವಧಿ ಮುಗಿದಿದೆಯಂತೆ. ಲಾಗಿನ್ ಕೋಡ್ ಕೊಡುವ ಆ್ಯಪ್ ಕೂಡ ಅದೇ ಲ್ಯಾಪ್‌ಟಾಪಿನಲ್ಲಿತ್ತು. ಅದು ಸಮಯ ನೋಡಿಕೊಂಡು 30 ಸೆಕೆಂಡಿಗೊಂದು ಕೋಡ್ ಹುಟ್ಟಿಸುತ್ತದೆ, ಹಾಗಾಗಿ ಒಂದೂ ನಡೆಯಲಿಲ್ಲ. ಸಂಜೆ ತಾರೀಖು ವಾಪಸ್ ಇಟ್ಟೆ. ಮಧ್ಯಾಹ್ನ ಸೇವ್ ಮಾಡಿದ ಫೈಲುಗಳೆಲ್ಲ ಇನ್ನೂ ಬಾರದ ಏಪ್ರಿಲ್‌ನಲ್ಲಿ ಕೂತಿದ್ದವು. ಪ್ರೋಗ್ರಾಂ ಬಿಲ್ಡ್ ಮಾಡುವಾಗ, ಫೈಲುಗಳ ತಾರೀಖು ನೋಡಿ ಕೆಲಸ ಮಾಡುವ ಮೇಕ್ ಅನ್ನುವ ಟೂಲ್ ಗೊಣಗಿದ್ದೇ ಗೊಣಗಿದ್ದು.

ಈಗ ಲಿನಕ್ಸ್‌ನಲ್ಲಿ ಫೇಕ್‌ಟೈಮ್ (faketime) ಅನ್ನುವ ಟೂಲ್ ಬಳಸುತ್ತೇನೆ. ಉಬುಂಟು, ಡೆಬಿಯನ್‌ನಲ್ಲಿ ಇದೇ ಹೆಸರಿನ ಪ್ಯಾಕೇಜ್ ಸಿಗುತ್ತದೆ. ಟರ್ಮಿನಲ್‌ನಲ್ಲಿ ಫೇಕ್‌ಟೈಮ್ ಅಂತ ಬರೆದು, ಕೋಟ್ ಒಳಗೆ ಬೇಕಾದ ತಾರೀಖು ಮತ್ತು ಗಂಟೆ ಕೊಟ್ಟು, ಮುಂದೆ ನಿಮ್ಮ ಪ್ರೋಗ್ರಾಂ ಹೆಸರು ಹಾಕಿ. ಆ ಪ್ರೋಗ್ರಾಂಗೆ ಮಾತ್ರ ಸುಳ್ಳು ಸಮಯ ಕಾಣುತ್ತದೆ. ಮಿಕ್ಕ ಸಿಸ್ಟಮ್‌ಗೆ ಇದರ ಗಾಳಿಯೂ ಸೋಕುವುದಿಲ್ಲ. ಮೊದಲು ಪ್ರೋಗ್ರಾಂ ಬದಲು ಡೇಟ್ ಕಮಾಂಡ್ ಹಾಕಿ ನೋಡಿ. ಅದು ಸುಳ್ಳು ತಾರೀಖು ತೋರಿಸಿದರೆ ಮುಂದುವರಿಯಿರಿ.

ನನಗೆ ಜಾಸ್ತಿ ಬಗ್ ಹಿಡಿದುಕೊಟ್ಟ ಸಮಯ ಒಂದಿದೆ. ಟೈಮ್‌ಜೋನನ್ನು ಯುಟಿಸಿ, ಅಂದರೆ ಸರ್ವರುಗಳಲ್ಲಿ ಸಾಮಾನ್ಯವಾಗಿ ಇರುವ ಜಾಗತಿಕ ಸಮಯಕ್ಕೆ ಇಟ್ಟು, ಮಾರ್ಚ್ 31, 18:40 ಕೊಡಿ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ, ಅಂದರೆ ಇಲ್ಲಿ ಆಗಲೇ ಏಪ್ರಿಲ್ 1, ರಾತ್ರಿ 12:10. ಬಿಲ್ ಮೇಲೆ ಮಾರ್ಚ್ 31 ಬಂದರೆ ಕೋಡ್ ಸರ್ವರಿನ ತಾರೀಖನ್ನೇ ನಂಬಿಕೊಂಡಿದೆ ಅಂತ ಅರ್ಥ. ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಹಾಕಿದ ಬಿಲ್ಲೆಲ್ಲ ಹಳೇ ವರ್ಷಕ್ಕೆ ಹೋಗುತ್ತದೆ. ಹಗಲು ಹೊತ್ತು ಟೆಸ್ಟ್ ಮಾಡುವವರಿಗೆ ಇದು ಜನ್ಮದಲ್ಲಿ ಸಿಗಲ್ಲ.

ಫೇಕ್‌ಟೈಮ್ ಎಲ್ಲ ಕಡೆ ನಡೆಯುವುದಿಲ್ಲ. ಪ್ರೋಗ್ರಾಂ ಸಮಯ ಕೇಳಲು ಸಿ ಲೈಬ್ರರಿಗೆ (ಹೆಚ್ಚಿನ ಪ್ರೋಗ್ರಾಂಗಳು ಬಳಸುವ ಸಿಸ್ಟಮ್ಮಿನ ಮೂಲ ಲೈಬ್ರರಿ) ಹೋಗುವ ದಾರಿಯಲ್ಲಿ ಇದು ಅಡ್ಡ ನಿಂತು ಉತ್ತರ ಕೊಡುತ್ತದೆ, ಅಷ್ಟೇ. ಗೋ ಭಾಷೆಯ ಪ್ರೋಗ್ರಾಂಗಳು ಸಾಮಾನ್ಯವಾಗಿ ಆ ದಾರಿಗೇ ಬರುವುದಿಲ್ಲ. ಪ್ರೋಗ್ರಾಂ ಅನ್ನು ಬೇರೆಯಾಗಿ ಕಟ್ಟಿಟ್ಟು ಓಡಿಸುವ ಡಾಕರ್ ಕಂಟೇನರ್ ಒಳಗೆ ತಾರೀಖು ಬದಲಿಸೋಣ ಅಂದುಕೊಂಡಿರಾ? ಅದಕ್ಕೆ ತನ್ನದೇ ಗಡಿಯಾರ ಇಲ್ಲ, ಅದು ಓಡುತ್ತಿರುವ ಮೆಷಿನ್ನಿನದ್ದೇ. ಪರ್ಮಿಷನ್ ಕೊಟ್ಟು ಬದಲಿಸಿದರೆ ಇಡೀ ಮೆಷಿನ್ನಿನ ಸಮಯ ಹೋಗುತ್ತದೆ.

ಕೋಡಿನ ಒಂದೊಂದು ತುಂಡನ್ನೇ ಪರೀಕ್ಷಿಸುವ ಯೂನಿಟ್ ಟೆಸ್ಟ್‌ಗೆ ಇಷ್ಟೆಲ್ಲ ಬೇಡ, ಸಮಯವನ್ನು ನಟಿಸುವ ಲೈಬ್ರರಿಗಳಿವೆ. ಪೈಥಾನ್‌ನಲ್ಲಿ ಫ್ರೀಜ್‌ಗನ್, ಜಾವಾಸ್ಕ್ರಿಪ್ಟ್‌ನಲ್ಲಿ ಜೆಸ್ಟ್‌ನ ಫೇಕ್ ಟೈಮರ್ ಸಾಕು. ಜಾವಾ 8ರಿಂದ ಈಚೆಗೆ ಕ್ಲಾಕ್ ಅನ್ನುವ ಕ್ಲಾಸೇ ಇದೆ. ಕೋಡ್ ಬರೆಯುವಾಗಲೇ, ಟೆಸ್ಟ್‌ನಲ್ಲಿ ಬೇರೆ ಗಡಿಯಾರ ಹಾಕಲು ಬರುವಂತೆ, ಅದನ್ನು ಹೊರಗಿನಿಂದ ಕೊಟ್ಟುಬಿಟ್ಟರೆ ಟೆಸ್ಟರ್ ನಿಮಗೆ ಕಾಫಿ ಕೊಡಿಸುತ್ತಾನೆ.

ಏಪ್ರಿಲ್ ಅಲ್ಲದೆ ನಾನು ಬಿಡದೆ ಓಡಿಸುವ ತಾರೀಖುಗಳು: ಫೆಬ್ರವರಿ 29, 2028. ಜನವರಿ 31, ಅದಕ್ಕೆ ಒಂದು ತಿಂಗಳು ಕೂಡಿಸಿದರೆ ಏನು ಬರುತ್ತದೆ ಅಂತ ನೋಡಲು. ಸಮಯವನ್ನು 32 ಬಿಟ್‌ನ ಸೆಕೆಂಡ್ ಲೆಕ್ಕದಲ್ಲಿ ಇಡುವ ಹಳೇ ಕೋಡ್ ಇದ್ದರೆ ಜನವರಿ 19, 2038, ನಮ್ಮ ಬೆಳಗ್ಗೆ 8:44:07. ಅದರ ಮುಂದಿನ ಸೆಕೆಂಡಿಗೆ ಲೆಕ್ಕ ಉರುಳಿ 1901ಕ್ಕೆ ಬೀಳುತ್ತದೆ.

ಡೇಟಾಬೇಸ್ ಮರೆಯಬೇಡಿ. ಒಮ್ಮೆ ಬಿಲ್ ಮೇಲೆ ಏಪ್ರಿಲ್ 1 ಅಂತ ಚೆನ್ನಾಗಿಯೇ ಪ್ರಿಂಟ್ ಆಯಿತು. ಟೇಬಲ್ ತೆಗೆದು ನೋಡಿದರೆ ಅದೇ ಬಿಲ್ಲಿನ ಸಾಲಿನಲ್ಲಿ ನವೆಂಬರ್ ತಾರೀಖು! ಆ ಕಾಲಂ ಅನ್ನು ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ತನ್ನ ಗಡಿಯಾರ ನೋಡಿ ತುಂಬಿತ್ತು. ನಾನು ಟೋಪಿ ಹಾಕಿದ್ದು ಆ್ಯಪ್‌ಗೆ ಮಾತ್ರ.