ಮಳೆಗಾಲದ ಪಂಪ್‌ಸೆಟ್ ಲೆಕ್ಕ ಕೇಳಲು ಆಯೋಗದ ಮುಂದೆ ಹೋದೆ

ಕರೆಂಟ್ ದರ ಏರಿಸಬೇಕೆಂದು ವಿದ್ಯುತ್ ಹಂಚುವ ಕಂಪನಿ ಅರ್ಜಿ ಹಾಕಿದರೆ, ಅದಕ್ಕೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನಮ್ಮ ತೀರ್ಥಹಳ್ಳಿ ಕಡೆ ಈ ಗೋಜಿಗೆ ಹೋಗುವವರು ಕಡಿಮೆ. ನಾನು ಹೋದೆ.

ದರ ನಿಗದಿ ಮಾಡುವುದು ಕಂಪನಿಯಲ್ಲ. ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೆಲಸ. 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಕಂಪನಿ ತನ್ನ ಅರ್ಜಿಯ ಸಾರಾಂಶ ಪ್ರಕಟಿಸಬೇಕು. ಆಯೋಗ ಜನರ ಆಕ್ಷೇಪಣೆ ಪರಿಶೀಲಿಸಿ, 120 ದಿನದೊಳಗೆ ಆದೇಶ ಕೊಡಬೇಕು.

ನಾನು ಹೊರಟಿದ್ದು ಗೊತ್ತಾಗಿ ಪಕ್ಕದ ತೋಟದವರು, "ಬಸ್ ಚಾರ್ಜ್ ವಿಷ್ಯಾನೂ ಅಲ್ಲೇ ಎತ್ತಿ ಮಾರಾಯ್ರೇ" ಅಂದರು. ಅದು ಈ ಆಯೋಗಕ್ಕೆ ಬರುವುದಿಲ್ಲ. ಬಸ್ ದರದ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್‌ನಲ್ಲಿ ಸರ್ಕಾರದ ಕೈಯಲ್ಲೇ ಇದೆ. ಪರ್ಮಿಟ್ ತಕರಾರಿದ್ದರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಹೋಗಬೇಕು.

ಕಂಪನಿಯ ಅರ್ಜಿ ದಪ್ಪ ಪುಸ್ತಕದಷ್ಟಿರುತ್ತದೆ. ಪೂರ್ತಿ ಓದುವ ಅಗತ್ಯವಿಲ್ಲ. ನಾನು ಹುಡುಕಿದ್ದು ಒಂದೇ ಕೋಷ್ಟಕ: ಪಂಪ್‌ಸೆಟ್‌ಗಳಿಗೆ ಎಷ್ಟು ಯೂನಿಟ್ ಹೋಯಿತು? 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ದುಡ್ಡು ಸರ್ಕಾರ ಕೊಡುತ್ತದೆ. ಹೆಚ್ಚಿನವಕ್ಕೆ ಮೀಟರ್ ಇಲ್ಲ. ಹಾಗಾಗಿ ಬಳಕೆಯನ್ನು ಅಂದಾಜು ಮಾಡುತ್ತಾರೆ. ಕಿತಾಪತಿಗೆ ಜಾಗ ಇರುವುದು ಇಲ್ಲೇ. ತಂತಿಯಲ್ಲಿ ಸೋರಿದ್ದನ್ನೂ ಕದ್ದದ್ದನ್ನೂ ಪಂಪ್‌ಸೆಟ್ ತಲೆಗೆ ಕಟ್ಟಿದರೆ ವಿತರಣಾ ನಷ್ಟ ಕಡಿಮೆ ಕಾಣುತ್ತದೆ. ಹಾಗೆ ಮಾಡಿದ್ದಾರೆ ಅಂತ ನಾನು ಹೇಳಲಿಲ್ಲ. ನನ್ನ ಪ್ರಶ್ನೆ ಇಷ್ಟೇ: ಆಗುಂಬೆ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಬಸಿಗಾಲುವೆ ಬಿಡಿಸುವುದೇ ಕೆಲಸ, ನೀರು ಹಾಯಿಸುವವರು ಯಾರು? ಈ ತಿಂಗಳುಗಳ ಬಳಕೆಯನ್ನು ಫೀಡರ್‌ವಾರು (ಸಬ್‌ಸ್ಟೇಷನ್‌ನಿಂದ ಹೊರಡುವ ಒಂದೊಂದು ಲೈನಿನ ಲೆಕ್ಕದಲ್ಲಿ), ತಿಂಗಳುವಾರು ಬಿಡಿಸಿ ಕೊಡಿ. ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ, ಹಾಕಿದ ಮೀಟರ್ ರೀಡಿಂಗ್ ಜೊತೆ ತಾಳೆ ಹಾಕಿ ತೋರಿಸಿ.

ಒಂದೂವರೆ ಪುಟ ಕನ್ನಡದಲ್ಲೇ ಬರೆದೆ, ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ, ಒಂದು ಪ್ರತಿ ಕಂಪನಿಗೂ ಕಳಿಸಿದೆ. ವಿಚಾರಣೆಯಲ್ಲಿ ಖುದ್ದು ಹೇಳುತ್ತೇನೆ ಅಂತ ಕೊನೆಯಲ್ಲಿ ಬರೆಯಬೇಕು.

ವಿಚಾರಣೆಗೆ ಘಾಟಿ ಇಳಿದು ಮಂಗಳೂರಿಗೆ ಹೋದೆ. ಬಹಳ ಮಂದಿ ಕಂಬ ವಾಲಿದ್ದು, ಲೈನ್‌ಮನ್ ಬಾರದ್ದು ಹೇಳಿದರು. ಸಂಕಟ ನಿಜವೇ. ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಒಂದು ಕೊಂಬೆ ಬಿದ್ದರೆ ಊರೇ ಕತ್ತಲು. ಆದರೆ ಅಂಥ ದೂರಿಗೆ ಕಾಯ್ದೆಯಲ್ಲಿ ಬೇರೆ ದಾರಿ ಇದೆ: ಮೊದಲು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಆಗದಿದ್ದರೆ ಅದರ ಮೇಲೆ ದೂರು ಕೇಳುವ ಓಂಬುಡ್ಸ್‌ಮನ್. ದರದ ವಿಚಾರಣೆಯಲ್ಲಿ ತೂಕ ಬರುವುದು ಅರ್ಜಿಯೊಳಗಿನ ಅಂಕಿಯನ್ನೇ ಹಿಡಿದು ಕೇಳಿದಾಗ. ನನ್ನ ಸರದಿ ಬಂದಾಗ ಕೋಷ್ಟಕದ ಪುಟ ಸಂಖ್ಯೆ ಹೇಳಿಯೇ ಶುರುಮಾಡಿದೆ. ಎದುರಿದ್ದ ಅಧಿಕಾರಿಗಳು ಅದೇ ಪುಟ ತೆಗೆದರು.

ದರ ಏನೂ ಇಳಿಯಲಿಲ್ಲ. ಆದರೆ ಆದೇಶದಲ್ಲಿ ನನ್ನ ಪ್ರಶ್ನೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಚ್ಚಾಗಿದ್ದವು. ಉತ್ತರ ಅರ್ಧಂಬರ್ಧವಾಗಿತ್ತು. ಮುಂದಿನ ಅರ್ಜಿ ಬಂದಾಗ ಆ ಉತ್ತರವನ್ನೇ ಲಗತ್ತಿಸಿ, ಉಳಿದರ್ಧ ಎಲ್ಲಿ ಅಂತ ಕೇಳುವವನಿದ್ದೇನೆ.