ಪಿಸ್ತೂಲಿಗೆ ನೈಟ್ ಸೈಟ್ ಕೂರಿಸಿದ ನನ್ನ ಅನುಭವ

ಮಂಡ್ಯ ಕಡೆಯ ಆಲೆಮನೆಯ ಮಾಲೀಕರೊಬ್ಬರು ತಮ್ಮ ಲೈಸೆನ್ಸಿನ ಹಳೆಯ .32 ಪಿಸ್ತೂಲನ್ನು ಮೈಸೂರಿನ ನನ್ನ ರಿಪೇರಿ ಅಂಗಡಿಗೆ ತಂದು, "ರಾತ್ರಿ ಕರೆಂಟು ಹೋದರೆ ಸೈಟ್ ಎಲ್ಲಿದೆ ಎಂಬುದೇ ಕಾಣುವುದಿಲ್ಲ, ಏನಾದರೂ ಮಾಡಿಕೊಡಿ ಸ್ವಾಮಿ" ಎಂದು ಕೇಳಿದ್ದು ಎರಡು ದಸರೆಯ ಹಿಂದಿನ ಮಾತು. ಸೈಟ್ ಎಂದರೆ ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ, ಗುರಿ ಹಿಡಿಯುವ ಲೋಹದ ತುಂಡು; ಕತ್ತಲೆಯಲ್ಲೂ ಕಾಣುವಂಥದ್ದು ನೈಟ್ ಸೈಟ್. ಟ್ರಿಟಿಯಂ ಎಂಬ ಅನಿಲ ತುಂಬಿದ ಗಾಜಿನ ಕೊಳವೆಯ ಸೈಟ್‌ಗಳು ಹೊರಗಿನ ಬೆಳಕಿನ ಹಂಗಿಲ್ಲದೆ ಹೊಳೆಯುತ್ತವೆ ಎಂಬುದು ನಿಜ. ಆದರೆ ಅದು ವಿಕಿರಣಶೀಲ ವಸ್ತುವಾದ್ದರಿಂದ ತರಿಸುವ ಕಾಗದಪತ್ರದ ರಗಳೆಗೆ ನಾನು ಕೈ ಹಾಕಲಿಲ್ಲ. ಮೇಲಾಗಿ 12 ವರ್ಷ ಕಳೆಯುವಷ್ಟರಲ್ಲಿ ಅದರ ಕಸುವು ಅರ್ಧಕ್ಕೆ ಇಳಿಯುತ್ತದೆ, ಕೊಟ್ಟ ದುಡ್ಡಿಗೆ ಅದು ನನಗೆ ಒಪ್ಪಿತವಾಗಲಿಲ್ಲ.

ಮೊದಲು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ನಂಬರ್ ಪ್ಲೇಟ್ ಬರೆಯುವವರು ರೇಡಿಯಂ ಎಂದು ಕರೆಯುವ ಸ್ಟಿಕರನ್ನು ಕತ್ತರಿಸಿ ಅಂಟಿಸಿದೆ. ಅದರಲ್ಲಿ ರೇಡಿಯಂ ಹೆಸರಿಗೂ ಇಲ್ಲ, ಬಿದ್ದ ಬೆಳಕನ್ನು ಹಿಂದಕ್ಕೆ ಎಸೆಯುವುದಷ್ಟೇ ಅದರ ಗುಣ. ಕತ್ತಲೆಯ ಕೋಣೆಯಲ್ಲಿ ಅದೂ ಕತ್ತಲೆಯೇ. ಆಮೇಲೆ ತಂದ ಜಿಂಕ್ ಸಲ್ಫೈಡಿನ ಅಗ್ಗದ ಬಣ್ಣ ಹತ್ತು ನಿಮಿಷ ಹೊಳೆದು ಮಲಗಿತು, ಗನ್ ಎಣ್ಣೆ ತಾಗಿದ ವಾರದೊಳಗೆ ಸಿಪ್ಪೆಯಾಗಿ ಎದ್ದಿತು. ಬೆಳಕು ಕುಡಿದು ಕತ್ತಲೆಯಲ್ಲಿ ಬಹಳ ಹೊತ್ತು ಹೊಳೆಯುವ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಪುಡಿಯನ್ನು 50 ಗ್ರಾಮಿಗೆ ಆರುನೂರು ಚಿಲ್ಲರೆ ಕೊಟ್ಟು ತರಿಸಿದ ಮೇಲೂ ಬುದ್ಧಿ ಬರಲಿಲ್ಲ. ನೀರಿನಲ್ಲಿ ಕಲಸುವ ಬಣ್ಣಕ್ಕೆ ಸೇರಿಸಿ ಅರ್ಧ ಪೊಟ್ಟಣವನ್ನು ಹಾಳುಮಾಡಿದೆ, ಏಕೆಂದರೆ ಆ ಪುಡಿಗೆ ನೀರು ಸೋಕಿದರೆ ಅದರ ಗುಣವೇ ಕೆಡುತ್ತದೆ. ಉಳಿದರ್ಧವನ್ನು ಸಾಮಾನ್ಯ ಎಪಾಕ್ಸಿ ಅಂಟಿನಲ್ಲಿ ಕಲಸಿದ್ದು ಮೂರು ತಿಂಗಳಿಗೆ ಹಳದಿಗಟ್ಟಿತು. ಕೊನೆಗೆ ದಾರಿ ತೋರಿಸಿದ್ದು ಅಣ್ಣನ ಮಗಳು ಕೀಚೈನ್ ಮಾಡಲು ತಂದಿಟ್ಟಿದ್ದ ತಿಳಿಯಾದ ರೆಸಿನ್.

ಇಷ್ಟರ ನಡುವೆ ಹಿಂದಿನ ಸೈಟ್ ಬಿಚ್ಚುವಾಗಲೂ ಒಂದು ಪೆಟ್ಟು ಬಿತ್ತು. ಎಡದಿಂದ ಬಲಕ್ಕೆ ಹೊರಗೆ, ಬಲದಿಂದ ಎಡಕ್ಕೆ ಒಳಗೆ ಎಂಬ ವಾಡಿಕೆಯನ್ನು ನಂಬಿ, ಸೈಟ್ ಅಡ್ಡಲಾಗಿ ಬಿಗಿಯಾಗಿ ಕೂರುವ ಕೊರೆತಕ್ಕೆ, ಅಂದರೆ ಡವ್‌ಟೇಲಿಗೆ, ಹೊಡೆಯುತ್ತಾ ಹೋದೆ. ಹಿಂದೆ ಯಾರೋ ಅದನ್ನು ತಿರುಗಾಮುರುಗಾ ತೂರಿಸಿದ್ದರು. ಬಡಿಯುವ ಹಿತ್ತಾಳೆಯ ಕಡ್ಡಿ (ಪಂಚ್) ಬಾಯಿ ಅಗಲಿಸಿಕೊಂಡಾಗ ಸಿಟ್ಟಿನಲ್ಲಿ ಉಕ್ಕಿನದನ್ನು ಹಿಡಿದೆ, ಅದು ಜಾರಿ ಪಿಸ್ತೂಲಿನ ಮೇಲ್ಭಾಗದ ಸ್ಲೈಡಿನ ಮೇಲೆ ಉಗುರುದ್ದ ಗೀರು ಬಿತ್ತು. ಉಕ್ಕಿಗೆ ಕೊಡುವ ಕಪ್ಪು-ನೀಲಿ ಲೇಪವನ್ನು (ಬ್ಲೂಯಿಂಗ್) ಮತ್ತೆ ಮಾಡಿಸಿದ ಎರಡೂವರೆ ಸಾವಿರ ನನ್ನ ಜೇಬಿನದು.

ಸೈಟಿನ ಮೇಲಿನ ಹೊಳೆಯುವ ಚುಕ್ಕಿ ದೊಡ್ಡದಾಗಲಿ ಎಂದು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನಿಂದ ಒಂದು ಮಿಲಿಮೀಟರ್ ಎತ್ತರಿಸಿದ ಮುಂದಿನ ಸೈಟನ್ನೂ ಮಾಡಿಸಿದ್ದೆ. ಗುರಿ ಅಭ್ಯಾಸದ ರೇಂಜಿನಲ್ಲಿ 10 ಮೀಟರಿಗೆ ಹಾರಿಸಿದರೆ ಗುಂಡುಗಳು ಸುಮಾರು 9 ಸೆಂಟಿಮೀಟರ್ ಕೆಳಗೆ ಗುಂಪುಗೂಡಿದವು. ಎರಡು ಸೈಟ್‌ಗಳ ನಡುವಿನ ಅಂತರ 110 ಮಿಲಿಮೀಟರಿನ ಆಸುಪಾಸು ಇರುವ ಪಿಸ್ತೂಲಿನಲ್ಲಿ ಆ ಲೆಕ್ಕ ಅಷ್ಟೇ ಬರಬೇಕು. ಮೊದಲೇ ಪೆನ್ಸಿಲ್ ಹಿಡಿದಿದ್ದರೆ ಲೇತಿನ ಎಂಟುನೂರು ಉಳಿಯುತ್ತಿತ್ತು. ಹಳೆಯ ಸೈಟನ್ನೇ ಮರಳಿ ಹಾಕಿದೆ.

ಈಗಿನ ವಿಧಾನದಲ್ಲಿ ಸೈಟಿನ ಎತ್ತರವನ್ನು ಮುಟ್ಟುವುದಿಲ್ಲ. ಬಿಚ್ಚುವ ಮೊದಲು ಡವ್‌ಟೇಲಿನ ಮೇಲೆ ಸೂಜಿಗೆರೆ ಹಾಕಿಕೊಂಡು, ಕಣ್ಣಿನ ಕಡೆಗಿರುವ ಮುಖದಲ್ಲಿ ಮುಂದಿನದಕ್ಕೆ ಒಂದೂಮುಕ್ಕಾಲು ಮಿಲಿಮೀಟರಿನ ಗುಳಿ, ಹಿಂದಿನದರ ಎರಡು ಪಕ್ಕಕ್ಕೂ ಒಂದೂಕಾಲಿನ ಗುಳಿ ತೆಗೆಯುತ್ತೇನೆ; ಮೂರೂ ಸಮನಾಗಿ ಹೊಳೆದರೆ ಕಣ್ಣು ಯಾವುದನ್ನು ಹಿಡಿಯಬೇಕೆಂದು ತಡಕಾಡುತ್ತದೆ. ಗುಳಿಯ ತಳಕ್ಕೆ ಬಿಳಿ ಬಣ್ಣ ಕೊಟ್ಟು ಒಣಗಿಸಿ, ಸಣ್ಣ ಪುಡಿಗಿಂತ ಹೆಚ್ಚು ಹೊಳೆಯುವ ದಪ್ಪ ಕಾಳಿನ ಹಸಿರು ಪುಡಿಯನ್ನು ರೆಸಿನಿನಲ್ಲಿ ಕಲಸಿ, ಬೆಂಕಿಕಡ್ಡಿಯ ಚೂಪು ತುದಿಯಿಂದ ಬಿಡುತ್ತೇನೆ. ಟೇಬಲ್ ಲ್ಯಾಂಪಿನ ಬಿಸಿಗೆ ಗುಳ್ಳೆ ತಾನಾಗಿ ಮೇಲೆದ್ದು ಒಡೆಯುತ್ತದೆ. ಪುಡಿಗೂ ರೆಸಿನಿಗೂ ಇರಬೇಕಾದ ಪಾಲನ್ನಾಗಲಿ, ಗುಳಿಯ ತಳವನ್ನು ಬಾಯಿಗಿಂತ ಅಗಲಿಸಲು ನಾನೇ ಅರೆದುಕೊಂಡ ಉಳಿಯ ಆಕಾರವನ್ನಾಗಲಿ ಕೇಳಬೇಡಿ, ಹೊಟ್ಟೆಪಾಡಿನ ವಿಷಯ.

ನಡುವೆ ಸುತ್ತಲಿನ ಬೆಳಕನ್ನು ಹೀರಿ ತುದಿಯಲ್ಲಿ ಹೊಳೆಯುವ ಬಣ್ಣದ ಫೈಬರ್ ಎಳೆಯನ್ನೂ ಮುಂದಿನ ಸೈಟಿಗೆ ತೂರಿಸಿ ನೋಡಿದೆ. ಹಗಲಿನಲ್ಲಿ ಕೆಂಡದಂತೆ ಹೊಳೆಯುವ ಅದು ದೀಪ ಆರಿದೊಡನೆ ಸತ್ತಂತೆ. ಗುರಿ ಸ್ಪರ್ಧೆಯವರಿಗೆ ಹೇಳಿಮಾಡಿಸಿದ್ದು. ಅದೇ ಎಳೆಯ ಹಿಂದೆ ನನ್ನ ಪುಡಿ ತುಂಬಿದರೆ ಎರಡೂ ಹೊತ್ತಿಗೆ ಆದೀತೇ ಎಂದು ಒಂದು ಏರ್ ಪಿಸ್ತೂಲಿನ ಮೇಲೆ ನೋಡುತ್ತಿದ್ದೇನೆ, ಇನ್ನೂ ಪೂರ್ತಿ ಕುದುರಿಲ್ಲ.

"ಪಿಸ್ತೂಲಿಗೆ ಕಾಡಿಗೆ ಹಚ್ಚಿ ಕೂತಿದ್ದಾನೆ" ಎಂದು ನಕ್ಕವರು ನನ್ನ ಕಸುಬಿನವರೇ. ಆಯುಧಪೂಜೆಯ ಮುನ್ನಾದಿನ ಅವರನ್ನು ಅಂಗಡಿಯ ಒಳಕೋಣೆಗೆ ಕರೆದು, ರಾತ್ರಿ ಒಂಬತ್ತಕ್ಕೆ ಅರ್ಧ ನಿಮಿಷ ನೇರಳೆ (ಯುವಿ) ಟಾರ್ಚ್ ತೋರಿಸಿ ಕಪಾಟಿನಲ್ಲಿ ಇಟ್ಟದ್ದನ್ನು ಬೆಳಗಿನ ಜಾವ ನಾಲ್ಕಕ್ಕೆ ತೆಗೆದೆ. ಮಂದವಾಗಿದ್ದರೂ ಮೂರು ಚುಕ್ಕಿಗಳು ನೆಟ್ಟಗೆ ಕಂಡವು. ಎರಡು ದಿನ ಬೆಳಕು ಕಾಣದಿದ್ದರೆ ಹೊಳೆಯುವುದಿಲ್ಲ ಎಂದು ಗಿರಾಕಿಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಯವರೆಗೆ ಹದಿನಾಲ್ಕೋ ಹದಿನೈದೋ ಆಗಿವೆ, ಒಂದಕ್ಕೆ ಹದಿನೆಂಟುನೂರು ತೆಗೆದುಕೊಳ್ಳುತ್ತೇನೆ, ಒಂದೇ ಒಂದು ಚುಕ್ಕಿ ಉದುರಿ ವಾಪಸ್ಸು ಬಂದಿದೆ. ನಕ್ಕವರಲ್ಲಿ ಒಬ್ಬರು ಕಳೆದ ತಿಂಗಳು ತಮ್ಮ ಗಿರಾಕಿಯ ಪಿಸ್ತೂಲಿನ ಸೈಟ್ ಜೋಡಿಯನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ ನನಗೆ ಕಳುಹಿಸಿಕೊಟ್ಟಿದ್ದಾರೆ.