ನನ್ನ ಇ-ಸೈಕಲ್ಲಿನ ಕಿರ್ ಕಿರ್ ಆವಾಜ್ ಹುಡುಕಿದ್ದು

ಮೋಟಾರ್ ಒಳಗಿನ ಗೇರ್ ಹೋಗ್ಯಾವ, ಹೊಸಾ ಮೋಟಾರೇ ಹಾಕ್ಬೇಕಾಗ್ತದ ಅಂತ ಅಂಗಡ್ಯಾಗ ಹೇಳಿದ ದಿನ ನಾ ಸೈಕಲ್ ತಗೊಂಡು ಸುಮ್ನ ಮನಿಗಿ ಬಂದೆ. ಅವರು ಮ್ಯಾಲ ಕೂತು ಓಡ್ಸಿ ನೋಡಿರ್ಲಿಲ್ಲ, ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ಎತ್ತಿ ಥ್ರಾಟಲ್, ಅಂದ್ರ ಹ್ಯಾಂಡಲಿನ ಎಕ್ಸಲರೇಟರ್, ಕೊಟ್ಟು ಗುಂಯ್ ಅಂದದ್ದು ಕೇಳಿ ಹೇಳಿದ್ರು, ಆದ್ರ ಆ ಗುಂಯ್ ಅನ್ನೋದು ಸೈಕಲ್ ತಂದ ದಿನದಿಂದನೂ ಇತ್ತು, ನಾ ಹೇಳ್ಲಕ ಹೋಗಿದ್ದು ಬ್ಯಾರೆ ಆವಾಜ್ ಬಗ್ಗೆ.

ನಂದು 26 ಇಂಚಿನ ಗಾಲಿ, 36 ವೋಲ್ಟ್ ಬ್ಯಾಟರಿ, ಹಿಂದಿನ ಗಾಲಿ ನಡುವ 250 ವಾಟಿನ ಹಬ್ ಮೋಟಾರ್ ಇರೋ ಸೈಕಲ್. 25ರ ಮ್ಯಾಲ ಓಡಂಗಿಲ್ಲ, ಹಂಗಾಗಿ ಲೈಸೆನ್ಸ್ ರಿಜಿಸ್ಟ್ರೇಷನ್ ಏನೂ ಬೇಕಿಲ್ಲ. ನಮ್ಮ ಮನಿ ಕಲಬುರಗ್ಯಾಗ ಶರಣಬಸವೇಶ್ವರ ಗುಡಿ ಕಡಿ, ಸಾಲಿ ಸೇಡಂ ರೋಡಿಗಿ ಯೂನಿವರ್ಸಿಟಿ ದಾಟಿ ಮುಂದ, ದಿನಾ ಹೋಗಿ ಬಂದು 18 ಕಿಲೋಮೀಟರ್ ಆಗ್ತದ. ಆ ರೋಡಿನ ಧೂಳು ಗೊತ್ತಿದ್ದವರಿಗಿ ಗೊತ್ತದ, ಸಿಮೆಂಟ್ ಲಾರಿ ಫರಸಿ ಕಲ್ಲಿನ ಲಾರಿ ಹೋಗ್ತಾವ, ಬಾಜೂಕ ಎರಿ ಹೊಲ, ಬ್ಯಾಸಗಿ ಗಾಳಿ ಬಿಟ್ಟಾಗ ಹಲ್ಲಿನ ಸಂದ್ಯಾಗೂ ಮಣ್ಣು.

ಮೇ ತಿಂಗಳದಾಗ ಒಂದಲ್ಲ, ನಾಕೈದು ಆವಾಜ್ ಕೂಡೇ ಬರ್ಲಕತ್ವು. ಅದರಾಗ ಥ್ರಾಟಲ್ ಕೊಟ್ಟಾಗ ಬರೋ ಕಿರ್ ಕಿರ್ ಅಂತೂ ಜೀವ ತಿಂತಿತ್ತು.

ನಮ್ಮ ಓಣ್ಯಾಗ ಸೈಕಲ್ ರಿಪೇರಿ ಮಾಡೋ ಚಾಚಾ ಒಬ್ರು ಅದಾರ, ಮೋಟಾರ್ ಮುಟ್ಟಂಗಿಲ್ಲ ಅವರು, ಆದ್ರ ಹೇಳಿದ ಮಾತು ನಂಗ ಭಾಳ ಕೆಲ್ಸಕ್ಕ ಬಂತು. "ಮಾಸ್ತರ್, ಎಲ್ಲಿಂದ ಬರ್ತದ ಅಂತ ಕಿವಿ ಕೊಡಬ್ಯಾಡ್ರಿ, ಯಾವಾಗ ಬರ್ತದ ಅಂತ ಮೊದ್ಲು ನೋಡ್ರಿ." ಖರೆ ಅದ. ಸೈಕಲ್ಲಿನ ಫ್ರೇಮ್ ಅಂದ್ರ ಪೊಳ್ಳ ಪೈಪು, ಒಂದು ಕಡಿ ಕಿರ್ ಅಂದ್ರ ಆ ಆವಾಜ್ ಪೈಪಿನಗುಂಟ ಹೋಗಿ ಇನ್ನೊಂದು ಕಡಿ ಕೇಳಸ್ತದ. ಪೈಡಲ್ ಆವಾಜ್ ಹ್ಯಾಂಡಲಿನಾಗ ಬಂದಂಗ ಆಗ್ತದ.

ಹಂಗಾಗಿ ಮುಂಜಾನಿ ಆರಕ್ಕ, ರೋಡ್ ಖಾಲಿ ಇದ್ದಾಗ, ಅದೇ ಅರ್ಧಾ ಕಿಲೋಮೀಟರ್ ಮ್ಯಾಲ ತಿರುಗಿ ತಿರುಗಿ ಓಡ್ಸಿದೆ. ಮೊದ್ಲು ಮೋಟಾರ್ ಬಂದ್ ಮಾಡಿ ಬರೇ ಪೈಡಲ್ ತುಳದೆ, ಆಮ್ಯಾಲ ಪೈಡಲ್ ಬಿಟ್ಟು ಬರೇ ಥ್ರಾಟಲ್, ಆಮ್ಯಾಲ ಎರಡೂ ಬಿಟ್ಟು ಸುಮ್ನ ಉರುಳ್ಲಕ ಬಿಟ್ಟೆ. ಎರಡೂ ಬಿಟ್ಟಾಗ್ಲೂ ಬಂದ್ರ ಅದು ಗಾಲಿ, ಬ್ರೇಕು, ಬೇರಿಂಗು ಇಷ್ಟರಾಗೇ ಎಲ್ಲೋ ಇರ್ಬೇಕು, ಮೋಟಾರಿನ ಗೇರ್ ಇರೋದು ಕಮ್ಮಿ, ಯಾಕಂದ್ರ ನನ್ನ ಸೈಕಲ್ಲಿಗಿ ಇರೋವಂಥ ಗೇರಿನ ಹಬ್ ಮೋಟಾರಿನಾಗ ಒಳಗೊಂದು ಒನ್-ವೇ ಕ್ಲಚ್ ಇರ್ತದ, ಮೋಟಾರ್ ಬಂದ್ ಇದ್ದಾಗ ಗಾಲಿ ಮುಂದ ತಿರುಗಿದ್ರೂ ಗೇರಿನ ಮ್ಯಾಲ ಎಳಿಯೋ ಜೋರು ಬೀಳಂಗಿಲ್ಲ.

ಎಣಿಸೋದೂ ಭಾಳ ಉಪಯೋಗದ್ದು. 26 ಇಂಚಿನ ಗಾಲಿ ಒಂದು ಸುತ್ತಿಗಿ ಎರಡು ಮೀಟರಿಗಿಂತ ಚೂರು ಹೆಚ್ಚು ಹೋಗ್ತದ, 20ರ ಸ್ಪೀಡಿನಾಗ ಸೆಕೆಂಡಿಗಿ ಎರಡೂವರಿ ಸುತ್ತಿಗಿಂತ ಸ್ವಲ್ಪ ಜಾಸ್ತಿ. ಪೈಡಲ್ ಸೆಕೆಂಡಿಗಿ ಒಂದೇ ಸುತ್ತು. ಟಕ್ ಟಕ್ ಟಕ್ ಅಂತ ಅವಸರ್‌ಲೆ ಬಂದ್ರ ಗಾಲೀದು, ಬಲಗಾಲು ಕೆಳಗ ಬಂದಾಗೊಮ್ಮೆ ಬಂದ್ರ ಪೈಡಲ್ ಇಲ್ಲಾ ಪೈಡಲ್ ಹಿಡಿಯೋ ತೋಳು, ಕ್ರ್ಯಾಂಕಿಂದು, ಎರಡೂವರಿ ಪೈಡಲಿಗೊಮ್ಮೆ ಬಂದ್ರ ಚೈನಿನಾಗ ಒಂದು ಕೊಂಡಿ ಬಿಗದದ ಅಂತ ತಿಳಿರಿ.

ಹಿಂಗ ನೋಡ್ಕೋತ ಹೋದಾಗ ಸಣ್ಣ ಸಣ್ಣವು ಲಗೂನೇ ಸಿಕ್ವು. ಗುಂಡ್ಯಾಗ ಇಳದಾಗಿನ ಕಟ ಕಟ ಬ್ಯಾಟರೀದು, ಅದು ಕೂಡೋ ಪಟ್ಟಿ ಸವದು ಆಟ ಬಂದಿತ್ತು, ಹಳೆ ಟ್ಯೂಬಿನ ಒಂದು ತುಂಡು ಕತ್ತರಿಸಿ ಬಾಜೂಕ ಇಟ್ಟೆ. ದಪ್ಪಂದು ಇಡಬ್ಯಾಡ್ರಿ, ಬ್ಯಾಟರಿ ಕೆಳಗಿನ ಕನೆಕ್ಟರ್ ಪೂರ್ತಿ ಕೂಡ್ಲಿಲ್ಲಂದ್ರ ಅಲ್ಲೇ ಕಿಡಿ ಹಾರಿ ಪಿನ್ ಸುಡ್ತಾವ. ಸಿಂಗ್ ಸಿಂಗ್ ಅನ್ನೋದು ಡಿಸ್ಕ್ ಬ್ರೇಕಿಂದು, ಡಿಸ್ಕ್ ಹಿಡಿಯೋ ಕ್ಯಾಲಿಪರಿನ ಎರಡು ಬೋಲ್ಟ್ ಸಡಲ ಮಾಡಿ, ಬ್ರೇಕ್ ಹಿಡಕೊಂಡೇ ತಿರುಗಿ ಬಿಗದೆ, ಹೋಯ್ತು.

ಕಡ್ಡಿಗಳಿಗಿ ಮಾತ್ರ ಒಂದು ಸಂಜಿ ಪೂರ್ತಿ ಹಿಡೀತು. ಹಬ್ ಮೋಟಾರ್ ಗಾಲ್ಯಾಗ ನಡುವಿನ ಡಬ್ಬಿ ದೊಡ್ಡದು, ಹಂಗಾಗಿ ಕಡ್ಡಿ ಗಿಡ್ಡ, ಎಳಿಯೋ ಜೋರೆಲ್ಲಾ ಅವುಗಳ ಮ್ಯಾಲೇ ಬೀಳ್ತದ, ಒಂದೆರಡು ಸಡಲ ಆದ್ರ ದಾಟೋ ಜಾಗದಾಗ ಒಂದಕ್ಕೊಂದು ತಿಕ್ಕಿ ಟಿಣ್ ಟಿಣ್ ಅಂತಾವ. ಏಕತಾರಿ ಮಿಡದಂಗ 36 ಕಡ್ಡೀನೂ ಒಂದೊಂದೇ ಮಿಡದು ನೋಡಿದೆ, ಛಲೋ ಇದ್ದವು ಟಿಂಗ್ ಅಂದ್ವು, ಆರು ಕಡ್ಡಿ ಮಾತ್ರ ದಬ್ ಅಂತ ಸತ್ತಂಗ ಅಂದ್ವು. ಕಾಲ್ ಸುತ್ತು ಕಾಲ್ ಸುತ್ತು ಅಷ್ಟೇ ಬಿಗಿ ಮಾಡ್ಕೋತ, ಪ್ರತಿ ಸಲ ಗಾಲಿ ತಿರುಗಿಸಿ ವಂಕ ಆಗ್ಯಾದೇನು ನೋಡ್ಕೋತ ಮಾಡಿದೆ.

ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ, ಗಾಲಿ ಹತ್ರ ಬೆರಳು ಹಾಕೂ ಮುಂದ ಬ್ಯಾಟರಿ ಕಳಚಿ ದೂರ ಇಡ್ರಿ, ಬರೇ ಸ್ವಿಚ್ ಬಂದ್ ಮಾಡಿದ್ರ ಸಾಲಂಗಿಲ್ಲ, ಮನ್ಯಾಗ ಸಣ್ಣ ಹುಡುಗ್ರು ಥ್ರಾಟಲ್ ತಿರುವ್ತಾರ. ಮತ್ತ ಥ್ರಾಟಲ್ ಕೊಟ್ಟ ಕೂಡ್ಲೇ ಒಂದೇ ಸಲ ಟಕ್ ಅಂದ್ರ ಆವತ್ತೇ ಹಿಂದಿನ ಗಾಲಿಯ ಅಕ್ಸಲ್ ನಟ್ ನೋಡ್ರಿ. ಅದು ಸಡಲ ಆಗಿ ಅಕ್ಸಲ್ಲೇ ತಿರುಗಿದ್ರ ಮೋಟಾರಿನ ವೈರು ಹರೀತದ. ಬಾಕಿ ಆವಾಜೆಲ್ಲಾ ನಾಕು ದಿನ ತಡೀತಾವ, ಇದು ತಡಿಯಂಗಿಲ್ಲ.

ಇಷ್ಟೆಲ್ಲಾ ಆದ ಮ್ಯಾಲನೂ ಆ ಕಿರ್ ಕಿರ್ ಹಂಗೇ ಇತ್ತು. ಪೈಡಲ್ ತುಳದ್ರ ಇಲ್ಲ, ಥ್ರಾಟಲ್ ಕೊಟ್ರ ಅದ. ಅಂಗಳದ ಫರಸಿ ಮ್ಯಾಲ ಸೈಕಲ್ ಉಲ್ಟಾ ನಿಂದ್ರಿಸಿ ಗಾಲಿ ಓಡ್ಸಿದ್ರೂ ಇಲ್ಲ, ಯಾಕಂದ್ರ ಮ್ಯಾಲ ಆಳಿನ ಭಾರ ಇರಂಗಿಲ್ಲ ನೋಡ್ರಿ. ಅಂಗಡಿಯವರು ಹೇಳಿದ್ದೇ ಖರೆ ಇರ್ಬೇಕು ಅಂತ ರೊಕ್ಕಾನೂ ಹೊಂದಿಸ್ಲಕತ್ತಿದ್ದೆ.

ಒಂದು ದಿನ ಸಾಲಿ ಬಿಟ್ಟು ಬರೂ ಮುಂದ, ಬಿಸಲು 42 ಇರ್ಬೇಕು, ಥ್ರಾಟಲ್ ಹಿಡಕೊಂಡೇ ಬರ್ಲಕತ್ತಿದ್ದೆ, ಮುಂದ ಗುಂಡಿ ಬಂತು, ಥ್ರಾಟಲ್ ಬಿಡದೇ ಪೈಡಲ್ ಮ್ಯಾಲ ಎದ್ದು ನಿಂತೆ. ಆವಾಜ್ ನಿಂತ್ಬಿಡ್ತು. ಮೋಟಾರ್ ಎಳೀಲಕತ್ತದ, ಆವಾಜ್ ಇಲ್ಲ. ಕೂತೆ, ಕಿರ್. ಎದ್ದೆ, ಇಲ್ಲ. ನಾಕು ಸಲ ಹಂಗೇ ಮಾಡಿ ನೋಡಿ ಗಾಡಿ ಬಾಜೂಕ ನಿಂದ್ರಿಸಿದೆ. ಥ್ರಾಟಲ್ ಇದ್ದಾಗ ನಾ ಪೂರಾ ಭಾರ ಸೀಟಿನ ಮ್ಯಾಲ ಬಿಟ್ಟು ಕೂಡ್ತೀನಿ, ಪೈಡಲ್ ತುಳಿಯೂ ಮುಂದ ಅರ್ಧಾ ಭಾರ ಕಾಲಿನ ಮ್ಯಾಲ ಇರ್ತದ, ಏರಿನಾಗಂತೂ ಎದ್ದೇ ತುಳಿತೀನಿ. ಕಿರ್ ಅನ್ನೋದು ಮೋಟಾರ್ ಅಲ್ಲ, ಸೀಟು.

ಮನಿಗಿ ಬಂದು ಸೀಟಿನ ಪೈಪು ಎಷ್ಟು ಎತ್ತರ ಇತ್ತೋ ಅಲ್ಲಿಗಿ ಟೇಪ್ ಸುತ್ತಿ ಗುರುತು ಮಾಡಿ, ಕ್ಲಾಂಪ್ ಸಡಲ ಮಾಡಿ ಹೊರಗ ಜಗ್ಗಿದೆ. ಜಗ್ಗೂ ಮುಂದನೇ ಗರಗರ ಅಂತು. ಪೈಪಿಗಿ ಬೂದಿ ಬಣ್ಣದ ಧೂಳು ಮೆತ್ತಿತ್ತು, ಬೆರಳಾಗ ತಿಕ್ಕಿದ್ರ ಹಿಟ್ಟಿನಂಗ ಅಲ್ಲ, ಸಣ್ಣ ರವಾ ಇದ್ದಂಗ, ಅದರ ಕೆಳಗ ಅಲ್ಯೂಮಿನಿಯಂ ಮ್ಯಾಲ ಉದ್ದಕ ಗೀರು. ಫ್ರೇಮಿನ ಪೈಪಿನಾಗ ಕ್ಲಾಂಪ್ ಬಿಗಿಯೋ ಸಲುವಾಗಿ ಹಿಂದಿನ ಕಡಿ ಒಂದು ಸೀಳು ಇರ್ತದಲ್ಲ, ಹಿಂದಿನ ಗಾಲಿ ಎಬ್ಬಿಸೋ ಮಣ್ಣು ನೆಟ್ಟಗ ಅದರಾಗೇ ಹೋಗ್ತಿತ್ತು. ಬಟ್ಟಿ ಕಟ್ಟಿಗಿಗಿ ಸುತ್ತಿ ಒಳಗ ಒರಸಿದೆ, ಪೈಪು ಸೀಮೆಎಣ್ಣಿಲೆ ತೊಳದು ಒಣಗಿಸಿ ಗ್ರೀಸ್ ತೆಳ್ಳಗ ಹಚ್ಚಿದೆ, ಸೀಟಿನ ಕೆಳಗಿನ ಬೋಲ್ಟ್ ಬಿಚ್ಚಿ ಅದಕ್ಕೂ ಹಚ್ಚಿ ಬಿಗದೆ. ಎಲ್ಲಾ ಸೇರಿ ಮುಕ್ಕಾಲು ತಾಸು.

ಮರುದಿನ ಚಾಚಾಗ ಸೈಕಲ್ ಕೊಟ್ಟೆ. ಓಣಿ ಕಡೀತನ ಥ್ರಾಟಲ್ ಮ್ಯಾಲೇ ಹೋಗಿ ಬಂದು ಏನೂ ಅನ್ಲಿಲ್ಲ, ಅಂಗಡಿ ಒಳಗ ಹೋಗಿ ಹಳೆ ಟ್ಯೂಬಿನದು ನಾಕು ಬೆರಳು ಅಗಲದ ಬಳಿಯಂಥ ತುಂಡು ಕತ್ತರಿಸಿ ತಂದು, ಸೀಟ್ ಪೈಪ್ ತೆಗಸಿ, ಆ ಸೀಳು ಮುಚ್ಚೂ ಹಂಗ ಏರಿಸಿ ಕೊಟ್ರು. ಗಣಪತಿ ಹಬ್ಬದ ಮುಂದ ಒಮ್ಮೆ ಜಗ್ಗಿ ನೋಡಿದೆ, ಗ್ರೀಸ್ ಹಚ್ಚಿದ ಬಣ್ಣದಾಗೇ ಇತ್ತು.